ಬರೆಯುವ ಮಾಸ್ತರರಿಗೊಂದು ಗುಂಪು

ಹುಬ್ಬಳ್ಳಿಯಿಂದ ಚಿಗರಿ ಬಸ್ಸು ಹತ್ತಿ ಧಾರವಾಡಕ್ಕೆ ಹೊರಟರೆ ರಾಯಾಪುರದ ನಂತರ ಸತ್ತೂರ. ಮೊದಲು ಹೊಲಗಳ ನಡುವಿನ ಒಂದು ಹಳ್ಳಿ. 1986ರಲ್ಲಿ ಇಲ್ಲಿಗೆ ಎಸ್‌ಡಿಎಂ ದಂತ ವೈದ್ಯಕೀಯ ಕಾಲೇಜು ಬಂತು, 2003ರಲ್ಲಿ ವೈದ್ಯಕೀಯ ಕಾಲೇಜು ಮತ್ತು ಆಸ್ಪತ್ರೆ. 2018ರ ಹೊತ್ತಿಗೆ ಶ್ರೀ ಧರ್ಮಸ್ಥಳ ಮಂಜುನಾಥೇಶ್ವರ ವಿಶ್ವವಿದ್ಯಾಲಯವೇ ಆಯಿತು. ಇಟ್ಟಿಗಟ್ಟಿ ರಸ್ತೆಯಲ್ಲಿ ಐಐಐಟಿ ಧಾರವಾಡದ ಕ್ಯಾಂಪಸ್ಸು ಎದ್ದು ನಿಂತಿತು. 2022ರ ಸೆಪ್ಟೆಂಬರಿನಲ್ಲಿ ರಾಷ್ಟ್ರಪತಿ ದ್ರೌಪದಿ ಮುರ್ಮು ಅದನ್ನು ಉದ್ಘಾಟಿಸಿದರು. ಅವಳಿ ನಗರದ ನಡುವಿನ ಈ ತುಣುಕು ರಸ್ತೆಯಲ್ಲಿ ಈಗ ಕಲಿಸುವವರ ಸಂಖ್ಯೆ ಬಹಳ. ಕೊರಳಲ್ಲಿ ಐಡಿ ಕಾರ್ಡು, ಹೆಗಲಲ್ಲಿ ಲ್ಯಾಪ್‌ಟಾಪ್ ಚೀಲ ಹಾಕಿಕೊಂಡು ಸಂಜೆ ಬಸ್ಸು ಹತ್ತುವವರಲ್ಲಿ ಅರ್ಧ ಜನ ಮನೆಗೆ ಹೋಗಿ ಮತ್ತೆ ಅದೇ ಚೀಲ ಬಿಚ್ಚಬೇಕಾದವರು.

ಯುಜಿಸಿಯ 2018ರ ನಿಯಮ ಹೇಳುವ ಲೆಕ್ಕ ಹೀಗಿದೆ: ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ತಾಸು ನೇರ ಪಾಠ, ಸಹ ಪ್ರಾಧ್ಯಾಪಕರಿಗೂ ಪ್ರಾಧ್ಯಾಪಕರಿಗೂ 14. ಒಟ್ಟು ಕಾರ್ಯಭಾರ ವಾರಕ್ಕೆ 40 ತಾಸಿಗೆ ಕಡಿಮೆ ಇರಬಾರದು. ಕಾಗದದ ಮೇಲೆ ಇದು ನ್ಯಾಯವಾಗಿಯೇ ಕಾಣುತ್ತದೆ. 40ರಲ್ಲಿ 16 ಕಳೆದರೆ 24 ತಾಸು ಉಳಿಯಿತಲ್ಲ, ಓದಿ ಬರೆಯಲಿಕ್ಕೆ ಏನು ಕಡಿಮೆ ಎಂದು ಹೊರಗಿನವರು ಕೇಳಬಹುದು. ಆ 24 ತಾಸಿನಲ್ಲಿ ಇಂಟರ್ನಲ್ ಪೇಪರು ತಿದ್ದುವುದು, ಹಾಜರಿ ಏರಿಸುವುದು, ನ್ಯಾಕ್ ಫೈಲು, ಪ್ರವೇಶದ ಕೆಲಸ, ಪ್ರಾಯೋಗಿಕ ಪರೀಕ್ಷೆ, ಹುಡುಗರ ತಂಟೆ, ಪಾಲಕರ ಫೋನು ಎಲ್ಲ ಬಂತು. ವೈದ್ಯಕೀಯ ಕಾಲೇಜಾದರೆ ಇದರ ಮೇಲೆ ಓಪಿಡಿ, ರಾತ್ರಿ ಡ್ಯೂಟಿ. ಬಡ್ತಿ ಬೇಕೆಂದರೆ ಮಾತ್ರ ಕೇಳುವುದು ಪ್ರಕಟವಾದ ಲೇಖನ. ಬರೆಯಲು ಹೊತ್ತು ಎಲ್ಲಿಂದ ಬರಬೇಕೆಂದು ಯಾವ ನಿಯಮವೂ ಹೇಳುವುದಿಲ್ಲ. ಅದು ಬರುವುದು ನಿದ್ದೆಯಿಂದ, ಇಲ್ಲವೇ ಮನೆಯವರ ಪಾಲಿನಿಂದ.

ಇದನ್ನು ನಾವು ಆಯಾ ವ್ಯಕ್ತಿಯ ಶಿಸ್ತಿನ ಪ್ರಶ್ನೆ ಎಂದು ಒಪ್ಪಿಕೊಂಡುಬಿಟ್ಟಿದ್ದೇವೆ. ಬೆಳಗಿನ ನಾಲ್ಕಕ್ಕೆ ಎದ್ದು ಬರೆಯುವವನು ಜಾಣ, ಬರೆಯಲಾಗದವಳು ಸೋಮಾರಿ! ಸತ್ತೂರಿನಿಂದ ಹದಿನೈದು ಇಪ್ಪತ್ತು ನಿಮಿಷದ ದೂರದ ಧಾರವಾಡದಲ್ಲಿ, ನೂರು ವರ್ಷದ ಹಿಂದೆ, ಈ ಪ್ರಶ್ನೆಯನ್ನು ಬೇರೆ ರೀತಿಯಲ್ಲಿ ಬಿಡಿಸಿದವರಿದ್ದರು. ಅವರ ಹೆಸರು ‘ಗೆಳೆಯರ ಗುಂಪು’.

ನವೋದಯದ ಇತಿಹಾಸದಲ್ಲಿ ಅದಕ್ಕೊಂದು ಪುಟ ಇದೆ, ಪರೀಕ್ಷೆಗೆ ಓದುವ ಹುಡುಗರಿಗೂ ಹೆಸರು ಗೊತ್ತು. 1922ರಲ್ಲಿ ದ.ರಾ. ಬೇಂದ್ರೆ ಕಟ್ಟಿದ ಬಳಗ. ಆನಂದಕಂದ ಎಂಬ ಹೆಸರಿನ ಬೆಟಗೇರಿ ಕೃಷ್ಣಶರ್ಮ, ಶಂ.ಬಾ. ಜೋಶಿ, ವಿ.ಕೃ. ಗೋಕಾಕ, ರಂ.ಶ್ರೀ. ಮುಗಳಿ, ಎನ್ಕೆ, ಜಿ.ಬಿ. ಜೋಶಿ ಇದರ ಒಡನಾಡಿಗಳು. ಆದರೆ ಪಠ್ಯಪುಸ್ತಕಗಳು ಹೇಳದೆ ಬಿಡುವ ಸಂಗತಿಯೆಂದರೆ ಇವರಲ್ಲಿ ಹೆಚ್ಚಿನವರ ಹೊಟ್ಟೆಪಾಡು ಮಾಸ್ತರಿಕೆ. ಬೇಂದ್ರೆ 1918ರಲ್ಲಿ ಪುಣೆಯಲ್ಲಿ ಬಿ.ಎ. ಮುಗಿಸಿ ಬಂದು ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಕಲಿಸತೊಡಗಿದವರು. ಅವರ ಓರಗೆಯ, ಅದೇ 1896ರಲ್ಲಿ ಹುಟ್ಟಿದ ಶಂಬಾ ಕೂಡ ಹೈಸ್ಕೂಲು ಮಾಸ್ತರರೇ. ದಿನವಿಡೀ ಹುಡುಗರಿಗೆ ವ್ಯಾಕರಣ ಹೇಳಿ ಬಂದ ಆ ಮನುಷ್ಯ 1933ರಲ್ಲಿ ‘ಕಣ್ಮರೆಯಾದ ಕನ್ನಡ’ ಹೊರತಂದರು. ಮುಂದೆ ‘ಕರ್ನಾಟಕ ಸಂಸ್ಕೃತಿಯ ಪೂರ್ವಪೀಠಿಕೆ’ಗೆ 1970ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಸಂಶೋಧನ ಅನುದಾನ, ಅಧ್ಯಯನ ರಜೆ, ಗೈಡು, ಯಾವುದೂ ಇಲ್ಲದ ಸಾಲಿಮಾಸ್ತರರ ಸಂಶೋಧನೆ ಅದು. ಗೋಕಾಕರು 1931ರಿಂದ ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿದರು, ಮುಗಳಿ ಸಾಂಗಲಿಯ ವಿಲಿಂಗ್ಡನ್ ಕಾಲೇಜಿನಲ್ಲಿ ಕನ್ನಡ. ಈ ಬಳಗದೊಂದಿಗೆ ಒಡನಾಡಿದ ಶ್ರೀರಂಗರು ಕರ್ನಾಟಕ ಕಾಲೇಜಿನಲ್ಲಿ ಸಂಸ್ಕೃತ ಹೇಳುತ್ತ ನಾಟಕ ಬರೆದರು.

ಸಾಹಿತ್ಯ ಚಳವಳಿ ಎಂದು ಕರೆಯುವುದಕ್ಕಿಂತ ಇದನ್ನು ಮಾಸ್ತರರ ಪರಸ್ಪರ ಸಹಾಯದ ಏರ್ಪಾಡು ಎಂದು ನೋಡಿದರೆ ಎಷ್ಟೋ ವಿಷಯ ನಿಚ್ಚಳವಾಗುತ್ತದೆ. ಗುಂಪಿನ ಹೆಸರಿನಲ್ಲಿಯೇ ಪುಸ್ತಕ ಅಚ್ಚಾಯಿತು. ಬೇಂದ್ರೆಯವರ ‘ಕೃಷ್ಣಕುಮಾರಿ’ ಬಂದದ್ದು ಆ ಮೊದಲ ವರ್ಷದಲ್ಲಿಯೇ. ಆಲೂರ ವೆಂಕಟರಾಯರ ‘ಜಯಕರ್ನಾಟಕ’ ಪತ್ರಿಕೆಗೆ ಇವರು ಹೆಗಲು ಕೊಟ್ಟರು. ನಾಡಹಬ್ಬ ನಡೆಸಿದರು. ಬರೆದದ್ದನ್ನು ಒಬ್ಬರಿಗೊಬ್ಬರು ಓದಿ ತೋರಿಸಿದರು. ವಾರಕ್ಕೊಮ್ಮೆ ನಿನ್ನ ಪದ್ಯಕ್ಕಾಗಿ ಕಾಯುವವರು ಇದ್ದಾರೆ ಎಂದರೆ ಸಾಲಿ ಬಿಟ್ಟ ಮೇಲೆ ದಣಿದ ಕೈಯೂ ಲೆಕ್ಕಣಿಕೆ ಹಿಡಿಯುತ್ತದೆ. ಅವರ ಹರಟೆಯನ್ನು ಕಾಲಹರಣ ಎನ್ನುವವರು ಆಗಲೂ ಇದ್ದಿರಬೇಕು.

ಗುಂಪಿನ ನಿಜವಾದ ಪರೀಕ್ಷೆ 1932ರಲ್ಲಿ. ಅದೇ ವರ್ಷ ಬೇಂದ್ರೆಯವರ ‘ಗರಿ’ ಕವನ ಸಂಕಲನ ಬಂತು. ಅದರೊಳಗಿನ ‘ನರಬಲಿ’ ಕವಿತೆ ರಾಜದ್ರೋಹವೆಂದು ಬ್ರಿಟಿಷ್ ಸರಕಾರ ಬೇಂದ್ರೆಯವರನ್ನು ಹಿಂಡಲಗಾ ಸೆರೆಮನೆಗೆ ಹಾಕಿತು, ಆಮೇಲೆ ಧಾರವಾಡದ ಹತ್ತಿರದ ಮುಗದ ಹಳ್ಳಿಯಲ್ಲಿ ನಿರ್ಬಂಧದಲ್ಲಿ ಇಟ್ಟಿತು. ಹೊರಬಂದ ಮನುಷ್ಯನಿಗೆ ಸ್ಥಿರವಾದ ನೌಕರಿ ಇಲ್ಲ. 1944ರಲ್ಲಿ ಸೊಲ್ಲಾಪುರದ ಡಿಎವಿ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋಗುವವರೆಗೆ, ಹೆಚ್ಚೂಕಡಿಮೆ ಹನ್ನೆರಡು ವರ್ಷ, ಸಂಸಾರದ ಗಾಡಿ ಹೇಗೆ ಎಳೆದರೆಂದು ಇವತ್ತಿನ ಪಗಾರದಾರರಾದ ನಾವು ಊಹಿಸುವುದೂ ಕಷ್ಟ. ಮಕ್ಕಳ ಸಾವನ್ನೂ ಕಂಡ ಮನೆ ಅದು.

ಆ ಹನ್ನೆರಡು ವರ್ಷದ ಪಟ್ಟಿ ಒಮ್ಮೆ ನೋಡಬೇಕು. 1933ರ ಆಗಸ್ಟ್ 15ರಂದು ಜಿ.ಬಿ. ಜೋಶಿ ಮನೋಹರ ಗ್ರಂಥಮಾಲೆ ಶುರು ಮಾಡಿದರು. ಸಂಪಾದಕತ್ವಕ್ಕೆ ಬೇಂದ್ರೆ, ಗೋಕಾಕ, ಮುಗಳಿ. ನೌಕರಿ ಇಲ್ಲದ ಕವಿಯ ಹೆಸರನ್ನೇ ಮುಂದಿಟ್ಟು ಪ್ರಕಾಶನ ಕಟ್ಟಿದ ಧೈರ್ಯ ಸಣ್ಣದಲ್ಲ. 1935ರಲ್ಲಿ, ಮೂವತ್ತೊಂಬತ್ತರ ವಯಸ್ಸಿನಲ್ಲಿ, ಬೇಂದ್ರೆ ಎಂ.ಎ. ಮುಗಿಸಿದರು. 1937ರಲ್ಲಿ ‘ಸಖೀಗೀತ’, ಮರುವರ್ಷ ‘ಉಯ್ಯಾಲೆ’. ‘ಸಖೀಗೀತ’ ಗಂಡಹೆಂಡಿರ ಬದುಕಿನ ಕಷ್ಟಸುಖವನ್ನೇ ಎದುರಿಗಿಟ್ಟುಕೊಂಡು ಬರೆದ ನೀಳ್ಗವಿತೆ. ಬರವಣಿಗೆ ಬೇರೆ, ಮನೆ ಬೇರೆ ಎಂದು ಗೆರೆ ಎಳೆಯಲು ಅವರಿಗೆ ಸಾಧ್ಯವೂ ಇರಲಿಲ್ಲ, ಮನಸ್ಸೂ ಇರಲಿಲ್ಲ. ತಮಗಿಂತ ಹದಿಮೂರು ವರ್ಷ ಹಿರಿಯರಾದ ಬೇಂದ್ರೆಯವರನ್ನು ಕಾವ್ಯಗುರು ಎಂದು ಗೋಕಾಕರು ಬದುಕಿನುದ್ದಕ್ಕೂ ಹೇಳಿಕೊಂಡರು. ಇಬ್ಬರಿಗೂ ಜ್ಞಾನಪೀಠ ಬಂತೆಂಬುದು ಆಮೇಲಿನ ಮಾತು.

ಮನೋಹರ ಗ್ರಂಥಮಾಲೆ ನಡೆದದ್ದು ಚಂದಾದಾರರ ಬಲದ ಮೇಲೆ. ಓದುಗರು ಮುಂಗಡ ಹಣ ಕಟ್ಟುತ್ತಾರೆ, ವರ್ಷದಲ್ಲಿ ಪುಸ್ತಕಗಳು ಮನೆಗೆ ಬರುತ್ತವೆ. ಬರೆಯುವ ಮಾಸ್ತರರಿಗೆ ಇದರಿಂದ ಒಂದು ಗಡುವು ಸಿಕ್ಕಿತು, ತಪ್ಪಿಸಿದರೆ ಜಿ.ಬಿ.ಯವರ ಮಾತೂ ಸಿಕ್ಕಿತು. ಸುಭಾಸ ರಸ್ತೆಯ ಲಕ್ಷ್ಮೀ ಭವನದ ಅದರ ‘ಅಟ್ಟ’ ಮುಂದಿನ ತಲೆಮಾರಿಗೆ ಕೂಟದ ಜಾಗವಾಯಿತು. ಗುಜರಾತಿನ ಆಣಂದದಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಕೀರ್ತಿನಾಥ ಕುರ್ತಕೋಟಿ ಅಲ್ಲಿಂದಲೇ ಗ್ರಂಥಮಾಲೆಗೆ ಸಲಹೆಗಾರರು. ಕನ್ನಡದಲ್ಲಿ ಇವತ್ತಿಗೆ ಸಲ್ಲುವಂಥ ಐತಿಹಾಸಿಕ ನಾಟಕಗಳಿಲ್ಲ ಎಂದು ಕುರ್ತಕೋಟಿ ಆಡಿದ ಮಾತೇ ತಮ್ಮನ್ನು ಇತಿಹಾಸದ ಪುಸ್ತಕಕ್ಕೆ ಕಳಿಸಿತೆಂದು ಗಿರೀಶ ಕಾರ್ನಾಡರು ಹೇಳಿಕೊಂಡಿದ್ದಾರೆ. ಅದರ ಫಲ 1964ರ ‘ತುಘಲಕ್’. ಒಡನಾಡಿಯೊಬ್ಬ ಸರಿಯಾದ ಹೊತ್ತಿಗೆ ಸರಿಯಾದ ಕೊರತೆಯನ್ನು ಎತ್ತಿ ತೋರಿಸಿದರೆ ಆಗುವ ಉಪಕಾರ ಇಂಥದು. ಬೆನ್ನು ಚಪ್ಪರಿಸುವವರು ಎಲ್ಲ ಸ್ಟಾಫ್ ರೂಮುಗಳಲ್ಲಿಯೂ ಸಿಗುತ್ತಾರೆ.

ಅದೇ 1964ರಲ್ಲಿ ಧಾರವಾಡದಲ್ಲಿ ಮೂವರು ತರುಣ ಮಾಸ್ತರರು, ಚಂದ್ರಶೇಖರ ಪಾಟೀಲ (ಚಂಪಾ), ಗಿರಡ್ಡಿ ಗೋವಿಂದರಾಜ, ಸಿದ್ಧಲಿಂಗ ಪಟ್ಟಣಶೆಟ್ಟಿ, ಸೇರಿ ‘ಸಂಕ್ರಮಣ’ ಪತ್ರಿಕೆ ತೆಗೆದರು. ಮುಂದೆ ಮೂವರ ದಾರಿ ಬೇರೆಯಾಯಿತು, ಪತ್ರಿಕೆ ಚಂಪಾ ಕೈಯಲ್ಲಿ ಉಳಿಯಿತು. ಇಂಥ ಗುಂಪುಗಳು ಒಡೆಯುತ್ತವೆ ಎಂದು ಮೂಗು ಮುರಿಯುವವರಿಗೆ ಹೇಳಬೇಕಾದದ್ದು ಇಷ್ಟೇ: ಒಡೆಯುವ ಮೊದಲು ಅವು ಮೂವರಿಂದಲೂ ಬರೆಸಿರುತ್ತವೆ.

ಈ ಕಥೆಯಲ್ಲಿ ಒಂದು ದೊಡ್ಡ ತೂತಿದೆ. ಗೆಳೆಯರ ಗುಂಪು ಗಂಡಸರ ಗುಂಪು. ಹೊತ್ತು ಮುಳುಗುವವರೆಗೆ ಹರಟೆ ಹೊಡೆದು ಗೆಳೆಯರನ್ನು ಕಟ್ಟಿಕೊಂಡು ಮನೆಗೆ ಬಂದರೆ ಚಹಾ, ಫರಾಳ, ಊಟ ಯಾರೋ ಮಾಡಿಡುತ್ತಿದ್ದರು. ಮಕ್ಕಳ ಜ್ವರ ಯಾರೋ ನೋಡಿಕೊಳ್ಳುತ್ತಿದ್ದರು. ಬೇಂದ್ರೆಯವರ ಮನೆಯಲ್ಲಿ ಆ ‘ಯಾರೋ’ ಅವರ ಹೆಂಡತಿ ಲಕ್ಷ್ಮೀಬಾಯಿ. ಉಳಿದ ಮನೆಗಳ ಹೆಣ್ಣುಮಕ್ಕಳ ಹೆಸರು ಸಾಹಿತ್ಯ ಚರಿತ್ರೆಯಲ್ಲಿ ಹುಡುಕಿದರೂ ಸುಲಭಕ್ಕೆ ಸಿಗುವುದಿಲ್ಲ. ಗಂಡಸರ ಬರವಣಿಗೆಯ ಹೊತ್ತು ಬಂದದ್ದು ಅರ್ಧ ಗೆಳೆಯರಿಂದ, ಇನ್ನರ್ಧ ಅಡಿಗೆಮನೆಯಿಂದ.

ಕೈಯಲ್ಲಿ ಸುಣ್ಣದ ತುಂಡು ಹಿಡಿದು ಕ್ಲಾಸಿಗೆ ಹೋಗುವ, ಬರೆಯುವ, ಮನೆಯನ್ನೂ ನಡೆಸುವ ಹೆಂಗಸು ಧಾರವಾಡದ ಸಾಹಿತ್ಯದಲ್ಲಿ ಮುಖ ತೋರಿಸಿದ್ದು ತಡವಾಗಿ. ಇಂಗ್ಲಿಷ್ ಪ್ರಾಧ್ಯಾಪಕಿಯಾಗಿ, ಮುಂದೆ ಕರ್ನಾಟಕ ಕಲಾ ಕಾಲೇಜಿನ ಪ್ರಾಚಾರ್ಯರಾಗಿ ದುಡಿದ ವೀಣಾ ಶಾಂತೇಶ್ವರ ಅವರ ಕಥೆಗಳಲ್ಲಿ ದುಡಿಯುವ, ಓದಿದ ಹೆಣ್ಣಿನ ಒಳಗುದಿ ಬಿಚ್ಚಿಕೊಂಡಿತು. ಇಂಗ್ಲಿಷ್ ಕಲಿಸುತ್ತಲೇ ಕವಿತೆ ಬರೆದ ಮಾಲತಿ ಪಟ್ಟಣಶೆಟ್ಟಿಯವರೂ ಇದೇ ಊರಿನವರು. ಇವತ್ತಿನ ಕಾಲೇಜುಗಳಲ್ಲಿ ಗುಂಪು ಕಟ್ಟಬೇಕೆಂದರೆ ಬೇಂದ್ರೆಯವರ ಮನೆಯಿದ್ದ ಸಾಧನಕೇರಿಯ ಹಳೆಯ ಮಾದರಿಯನ್ನು ಹಾಗೇ ಎತ್ತಿ ತರಲಾಗದು. ಸಂಜೆ ಏಳಕ್ಕೆ ಕೂಟ ಎಂದರೆ ಅರ್ಧ ಜನ ಬರುವುದೇ ಇಲ್ಲ, ಬಾರದವರು ಯಾರೆಂದು ಹೇಳಬೇಕಿಲ್ಲ.

ನಿಯಮಗಳು ಈ ವಿಷಯದಲ್ಲಿ ಸ್ವಲ್ಪವಾದರೂ ಮುಂದೆ ಹೋಗಿವೆ. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ಹೆಚ್ಚುವರಿ ಎರಡು ವರ್ಷ ಗಡುವು, 240 ದಿನಗಳವರೆಗೆ ಹೆರಿಗೆ ಮತ್ತು ಶಿಶುಪಾಲನಾ ರಜೆ ಯುಜಿಸಿ ನಿಯಮದಲ್ಲಿಯೇ ಇದೆ. ಆದರೆ ರಜೆ ಮುಗಿಸಿ ಬಂದವಳು ನಿಂತುಹೋದ ಅಧ್ಯಾಯವನ್ನು ಮತ್ತೆ ಕೈಗೆತ್ತಿಕೊಳ್ಳಲು ಬೇಕಾದದ್ದು ರಜೆಯ ಆದೇಶವಲ್ಲ, ‘ಎಲ್ಲೀತನಾ ಬಂತರೀ?’ ಎಂದು ಕೇಳುವ ಒಬ್ಬ ಒಡನಾಡಿ. ಇನ್ನು ಅತಿಥಿ ಉಪನ್ಯಾಸಕರ ಪಾಡಂತೂ ಬೇರೆಯೇ ಲೇಖನದ ವಸ್ತು. ವರ್ಷ ವರ್ಷವೂ ಕೆಲಸ ಉಳಿಯುವುದೋ ಇಲ್ಲವೋ ಎಂಬ ಚಿಂತೆಯವರಿಗೆ ಸಮತೋಲನದ ಉಪದೇಶ ಮಾಡುವುದು ಸಣ್ಣತನ.

ಒಡನಾಡಿಯ ‘ಎಲ್ಲೀತನಾ ಬಂತರೀ?’ ಎಂಬ ಪ್ರಶ್ನೆಗೆ ಎಷ್ಟು ಬಲವಿದೆ ಎಂದು ಅಳೆದವರೂ ಇದ್ದಾರೆ. ಅಮೆರಿಕದ ಮನಶ್ಶಾಸ್ತ್ರಜ್ಞ ರಾಬರ್ಟ್ ಬಾಯ್ಸ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೊಸ ಅಧ್ಯಾಪಕರ ಮೂರು ತಂಡಗಳಿದ್ದವು. ಮೊದಲಿನವರು ತಮ್ಮ ರೂಢಿಯಂತೆ ಬಿಡುವಾದಾಗ ಬರೆದರು. ವರ್ಷಕ್ಕೆ ಸರಾಸರಿ 17 ಪುಟ. ಎರಡನೆಯವರು ದಿನಾ ಸ್ವಲ್ಪ ಬರೆದು ಲೆಕ್ಕ ಇಟ್ಟರು, 64 ಪುಟ. ಮೂರನೆಯವರು ದಿನಾ ಬರೆದು, ಲೆಕ್ಕ ಇಟ್ಟು, ಆ ಲೆಕ್ಕವನ್ನು ಇನ್ನೊಬ್ಬರಿಗೆ ಒಪ್ಪಿಸಬೇಕಿತ್ತು, 157 ಪುಟ. ಸಣ್ಣ ಅಧ್ಯಯನ, ಪುಟ ಎಣಿಸಿದರೆ ವಿದ್ವತ್ತು ಎಣಿಸಿದಂತಾಗುವುದಿಲ್ಲ ಎಂಬ ತಕರಾರು ನನ್ನದೂ ಹೌದು. ಆದರೂ 64ಕ್ಕೂ 157ಕ್ಕೂ ನಡುವಿನ ಅಂತರ ಬರೀ ಕೇಳುವವರು ಇದ್ದುದರಿಂದ ಬಂದದ್ದು. ಧಾರವಾಡದ ಮಾಸ್ತರರಿಗೆ ಇದು 1922ರಲ್ಲಿಯೇ ಗೊತ್ತಿತ್ತು.

ಹಾಗಾದರೆ ಸತ್ತೂರಿನ ಆಸುಪಾಸಿನಲ್ಲಿ ಏನು ಮಾಡಬಹುದು? ನಾಲ್ಕೈದು ಜನ ಸಾಕು. ಹತ್ತು ದಾಟಿದರೆ ಅದು ಸಭೆಯಾಗುತ್ತದೆ, ಸಭೆಗೆ ಅಧ್ಯಕ್ಷರು ಬರುತ್ತಾರೆ, ಹಾರ ಬರುತ್ತದೆ. ಒಂದೇ ವಿಭಾಗದವರು ಆಗದಿದ್ದರೆ ಒಳ್ಳೆಯದು, ಬಡ್ತಿಯ ಪೈಪೋಟಿ ನಡುವೆ ಬರುವುದಿಲ್ಲ. ಹಲ್ಲಿನ ಡಾಕ್ಟರು, ಕಂಪ್ಯೂಟರು ಕಲಿಸುವವರು, ಧಾರವಾಡದ ಕನ್ನಡ ಅಧ್ಯಾಪಕಿ ಒಂದೇ ಮೇಜಿಗೆ ಕೂತರೆ ಯಾರಿಗೂ ಯಾರ ವಿಷಯವೂ ಪೂರ್ತಿ ತಿಳಿಯದು. ತಿಳಿಯದವರಿಗೆ ತಿಳಿಯುವಂತೆ ಬರೆಯಬೇಕಾಗುತ್ತದೆ, ಅದೇ ಲಾಭ. ಮೊದಲ ಅರ್ಧ ತಾಸು ವಾರದ ಲೆಕ್ಕ, ಆಮೇಲೆ ಒಂದು ತಾಸು ಎಲ್ಲರೂ ಬಾಯಿ ಮುಚ್ಚಿ ಬರೆಯುವುದು. ಯಾರ ಮನೆಯಲ್ಲಾದರೂ ಕಾಯಿಲೆ ಇದ್ದರೆ ಆ ವಾರ ಅವರ ಒಂದು ಕ್ಲಾಸನ್ನು ಇನ್ನೊಬ್ಬರು ಹಿಡಿಯುವುದು. ಇದಕ್ಕೆ ಮಾತ್ರ ಅದೇ ವಿಭಾಗದ ಗೆಳೆಯರೇ ಬೇಕು. ವಾಟ್ಸ್‌ಆ್ಯಪ್ ಬಳಗ ಇದಕ್ಕೆ ಬದಲಿ ಆಗದು. ಅಲ್ಲಿ ಶುಭೋದಯದ ಹೂವುಗಳೇ ಹೆಚ್ಚು.

ಪ್ರಾಚಾರ್ಯರಿಗೂ ವಿಭಾಗ ಮುಖ್ಯಸ್ಥರಿಗೂ ಒಂದು ವಿನಂತಿ. ಇದಕ್ಕೆ ಅನುದಾನ ಬೇಡ, ಸಮಿತಿ ಬೇಡ, ಉದ್ಘಾಟನೆಯಂತೂ ಬೇಡವೇ ಬೇಡ. ಬರುವ ಸೆಮಿಸ್ಟರಿನ ಟೈಮ್‌ಟೇಬಲ್ ಹಾಕುವಾಗ ವಾರದಲ್ಲಿ ಒಂದು ದಿನ, ಮಧ್ಯಾಹ್ನ ಮೂರರಿಂದ ನಾಲ್ಕೂವರೆವರೆಗೆ, ಐದು ಜನ ಅಧ್ಯಾಪಕರಿಗೆ ಒಟ್ಟಿಗೆ ಬಿಡುವು ಸಿಗುವಂತೆ ಹಾಕಿ, ಒಂದು ಖಾಲಿ ಕೋಣೆಯ ಕೀಲಿಕೈ ಅವರ ಕೈಗೆ ಕೊಡಿ. ಆ ಹೊತ್ತಿನಲ್ಲಿ ಯಾರನ್ನೂ ಮೀಟಿಂಗಿಗೆ ಕರೆಯಬೇಡಿ.