ಹಳೆಯ ಕಾರಿಗೆ ಹೊಸ ಎಂಜಿನ್: ಕಾನೂನು ಮತ್ತು ಲೆಕ್ಕಾಚಾರ

ಹಿರಿಯರ ಕಾಲದ ಕಾರನ್ನು ಮಾರದೆ ಉಳಿಸಿಕೊಂಡಿರುವ ಇಳಕಲ್ಲಿನ ವರ್ತಕರಿಗೆ, ಅದಕ್ಕೆ ಆಧುನಿಕ ಎಂಜಿನ್ ಕೂಡಿಸುವ ಆಲೋಚನೆ ಬರುವುದು ಸಹಜ. ಆದರೆ ಹಣ ಹೂಡುವ ಮುನ್ನ ಕೆಲವು ಸಂಗತಿಗಳನ್ನು ಅರಿಯುವುದು ಹಿತಕರ.

ಹಿಂದೂಸ್ತಾನ್ ಮೋಟಾರ್ಸ್ 1984ರಲ್ಲಿ ಹೊರತಂದ ಕಾಂಟೆಸ್ಸಾ ಇದಕ್ಕೆ ಉತ್ತಮ ನಿದರ್ಶನ. ಅಮೆರಿಕದ ಮಸಲ್ ಕಾರುಗಳನ್ನು ನೆನಪಿಸುವ ಆ ಭಾರಿ ಮೈಕಟ್ಟಿಗೆ ಮೊದಲು ದೊರೆತದ್ದು ಅಂಬಾಸಿಡರ್ ಕಾರಿನ 1489 ಸಿಸಿ ಎಂಜಿನ್. ಶಕ್ತಿ ಸುಮಾರು 50 ಅಶ್ವಶಕ್ತಿ ಮಾತ್ರ. ಮುಂದೆ ಕಂಪನಿಯೇ ಇಸುಜು 1.8 ಲೀಟರ್ ಎಂಜಿನ್ನನ್ನು ಐದು ಗೇರುಗಳೊಂದಿಗೆ ಅಳವಡಿಸಿ ಕೊರತೆ ನೀಗಿಸಿತು. ಆದರೆ ತಯಾರಕರು ಮಾಡುವ ಬದಲಾವಣೆ ಬೇರೆ, ಮಾಲೀಕರು ಗ್ಯಾರೇಜಿನಲ್ಲಿ ಮಾಡಿಸುವುದು ಬೇರೆ.

ತಾಂತ್ರಿಕ ತೊಡಕುಗಳು: ಎಂಜಿನ್ ಕೂರುವ ಮೌಂಟಿಂಗ್, ಗೇರ್ ಬಾಕ್ಸ್ ಜೋಡಣೆ, ರೇಡಿಯೇಟರ್ ಸಾಮರ್ಥ್ಯ ಎಲ್ಲವೂ ಬದಲಾಗುತ್ತವೆ. ಇಂಧನ ಇಂಜೆಕ್ಷನ್ ಇರುವ ಎಂಜಿನ್ನಿಗೆ ಹೆಚ್ಚಿನ ಒತ್ತಡದ ಪಂಪು, ಸೆನ್ಸರುಗಳು, ಇಸಿಯು ಹಾಗೂ ಪೂರ್ಣ ವೈರಿಂಗ್ ಬೇಕು. ಶಕ್ತಿ ಹೆಚ್ಚಿದಂತೆ ಬ್ರೇಕ್ ಮತ್ತು ಹಿಂದಿನ ಆಕ್ಸಲ್ ಸಹ ಅದನ್ನು ತಾಳಬೇಕು. ಹೀಗಾಗಿ ಎಂಜಿನ್ನಿನ ಬೆಲೆಯೇ ಒಟ್ಟು ವೆಚ್ಚವಲ್ಲ.

ಕಾನೂನು: ಮೋಟಾರು ವಾಹನ ಕಾಯ್ದೆ, 1988ರ 52ನೇ ಕಲಮಿನಂತೆ ತಯಾರಕರ ಮೂಲ ವಿವರಗಳಿಗೆ ವ್ಯತಿರಿಕ್ತವಾಗಿ ವಾಹನವನ್ನು ಮಾರ್ಪಡಿಸುವಂತಿಲ್ಲ. ಸರ್ವೋಚ್ಚ ನ್ಯಾಯಾಲಯವು 2019ರ ಜನವರಿಯಲ್ಲಿ ಇದನ್ನು ಎತ್ತಿಹಿಡಿದಿದೆ. ಸಿಎನ್‌ಜಿ, ಎಲ್‌ಪಿಜಿ, ಬ್ಯಾಟರಿ ಮುಂತಾದವುಗಳ ಪರಿವರ್ತನಾ ಕಿಟ್‌ಗೆ ಮಾತ್ರ ಷರತ್ತುಬದ್ಧ ಅವಕಾಶವಿದೆ. ಅನುಮತಿಯಿಲ್ಲದ ಪ್ರತಿ ಮಾರ್ಪಾಡಿಗೆ 182ಎ ಕಲಮಿನಡಿ ಆರು ತಿಂಗಳವರೆಗೆ ಸೆರೆವಾಸ ಅಥವಾ 5,000 ರೂ. ದಂಡ, ಇಲ್ಲವೇ ಎರಡೂ ಉಂಟು. ಅದೇ ಮಾದರಿಯ ಎಂಜಿನ್ ಕೂಡಿಸಿದರೂ ನೋಂದಣಿ ಪ್ರಾಧಿಕಾರದ ಒಪ್ಪಿಗೆಯೊಂದಿಗೆ ನೋಂದಣಿ ಪತ್ರದಲ್ಲಿ ಎಂಜಿನ್ ಸಂಖ್ಯೆ ತಿದ್ದಿಸಬೇಕು. ಪತ್ರದಲ್ಲಿನ ಸಂಖ್ಯೆ ತಾಳೆಯಾಗದಿದ್ದರೆ ಅಪಘಾತದ ಹೊತ್ತಿನಲ್ಲಿ ವಿಮಾ ಪರಿಹಾರಕ್ಕೂ ತಕರಾರು ಬರುತ್ತದೆ.

2021ರ ವಿಂಟೇಜ್ ನಿಯಮಗಳು ಮೊದಲ ನೋಂದಣಿಯಿಂದ 50 ವರ್ಷ ದಾಟಿ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ ಅನ್ವಯಿಸುತ್ತವೆ. 1984ರ ಕಾಂಟೆಸ್ಸಾ 2034ರಲ್ಲಿ ಆ ಅರ್ಹತೆ ಪಡೆಯಬಹುದು. ಎಂಜಿನ್ ಮಾರ್ಪಡಿಸಿದ ಕಾರು ಆ ಅವಕಾಶವನ್ನೇ ಕಳೆದುಕೊಳ್ಳಬಹುದು.

ಲೆಕ್ಕಪತ್ರ: ಕಾರು ಸಂಸ್ಥೆಯ ಹೆಸರಿನಲ್ಲಿದ್ದರೆ, ಇದ್ದ ಸ್ಥಿತಿಗೆ ತರುವ ದುರಸ್ತಿಯು ಸಾಮಾನ್ಯವಾಗಿ ಆದಾಯ ವೆಚ್ಚ, ಹೊಸ ಶಾಶ್ವತ ಪ್ರಯೋಜನ ತರುವ ಬದಲಾವಣೆಯು ಬಂಡವಾಳ ವೆಚ್ಚವೆನಿಸಬಹುದು. ಸ್ವಂತ ಬಳಕೆಯ ಪ್ರಯಾಣಿಕ ಕಾರಿನ ದುರಸ್ತಿ ಸೇವೆಯ ಮೇಲಿನ ಜಿಎಸ್‌ಟಿಗೆ ಹೂಡುವಳಿ ತೆರಿಗೆ ಜಮೆಯೂ ಸಾಮಾನ್ಯವಾಗಿ ದೊರೆಯದು.

ಆದ್ದರಿಂದ ಮೂಲ ಎಂಜಿನ್ನನ್ನೇ ಪುನಶ್ಚೇತನಗೊಳಿಸುವುದು ಕಾರಿನ ಮೌಲ್ಯಕ್ಕೂ ಮಾಲೀಕರ ನೆಮ್ಮದಿಗೂ ಕ್ಷೇಮಕರ ಮಾರ್ಗವಾಗಿದೆ.