ಚಾಮುಂಡಿ ಬೆಟ್ಟಕ್ಕೆ ಸೈಕಲ್ ಹೊಡೀತೀರಾ?

ಮೈಸೂರಲ್ಲಿದ್ದೀರಾ? ಗೇರ್ ಸೈಕಲ್ ಇದೆಯಾ?
ಮತ್ತೆ ಚಾಮುಂಡಿ ಬೆಟ್ಟಕ್ಕೆ ಯಾಕೆ ಹೋಗಿಲ್ಲ?

ಬೆಟ್ಟದ ಎತ್ತರ 1,000 ಮೀಟರ್ ದಾಟುತ್ತೆ.
ಗಾಬರಿ ಬೇಡ!
ಊರೇ 750 ಮೀಟರ್‌ಗಿಂತ ಮೇಲಿದೆ.
ನೀವು ಹತ್ತೋದು ಮಿಕ್ಕಿದ್ದು ಮಾತ್ರ.

ಲಲಿತಮಹಲ್ ಕಡೆಯಿಂದ ಹೊರಡಿ.
ಉತ್ತನಹಳ್ಳಿ ಕಡೆಯಿಂದಲೂ ದಾರಿ ಇದೆ.

ಏರು ಶುರುವಾಗೋ ಮುಂಚೆಯೇ ಗೇರ್ ಇಳಿಸಿ.
ಪೆಡಲ್ ಮೇಲೆ ಭಾರ ಬಿದ್ದಮೇಲೆ ಇಳಿಸಿದ್ರೆ
ಚೈನ್ ಕಟಕಟ ಅಂದು ಕಳಚಿಕೊಳ್ಳಬಹುದು.

ಆಮೇಲೆ?
ಮುದ್ದೆ ತಿರುವಿದ ಹಾಗೆ.
ಅವಸರ ಬೇಡ, ನಿಲ್ಲಿಸಲೂ ಬೇಡ.

ನನ್ನ ಪ್ರಕಾರ ಹತ್ತೋದಕ್ಕಿಂತ ಇಳಿಯೋದೇ ಕಷ್ಟ.
ಬ್ರೇಕ್ ಒತ್ತಿಕೊಂಡೇ ಬಂದ್ರೆ ರಿಮ್ ಕಾಯುತ್ತೆ.
ತಿರುವಿಗೆ ಮೊದಲೇ ಒತ್ತಿ,
ತಿರುವಲ್ಲಿ ಸಡಿಲ ಬಿಡಿ.
ಎದುರಿಗೆ ಬಸ್ಸು ಬರುತ್ತೆ, ಎಡಕ್ಕೇ ಇರಿ.

ಬೆಳಕು ಹರಿಯುತ್ತಲೇ ಹೋಗಿ.
ಆಷಾಢ ಶುಕ್ರವಾರ ಮಾತ್ರ ಬೇಡ,
ಅವತ್ತು ರಸ್ತೆ ಪೂರ್ತಿ ಭಕ್ತರದ್ದು!