ಆರ್‌ಸಿ ಕಾರಿಗೆ ಯಾವ ಬ್ಯಾಟರಿ ಹಾಕೋಣ?

ಕೈಯಲ್ಲಿ ಎತ್ತಿ ಹಿಡಿದರೆ ನಾಲ್ಕೂ ಚಕ್ರ ಗಿರ್ರನೆ ತಿರುಗುತ್ತವೆ. ನೆಲಕ್ಕಿಟ್ಟು ಮೊಬೈಲಲ್ಲಿ ಬಟನ್ ಒತ್ತಿದರೆ ಕಾರು ಒಂದು ಗೇಣು ಹೋಗಿ ನಿಂತುಬಿಡುತ್ತೆ, ಬ್ಲೂಟೂತ್ ಕನೆಕ್ಷನ್ನೂ ಕಟ್ ಆಗುತ್ತೆ. ಮೊದಲ ಸಲ ಆರ್‌ಸಿ ಕಾರು ಮಾಡಿದಾಗ ನಮಗೂ ಹೀಗೇ ಆಯ್ತು. ಕೋಡ್‌ನಲ್ಲೇ ಏನೋ ತಪ್ಪಿದೆ ಅಂತ ರಾತ್ರಿಯಿಡೀ ಅದನ್ನೇ ತಿದ್ದಿದೆವು. ಬೆಳಗ್ಗೆ ಗೊತ್ತಾಯ್ತು, ಕೋಡ್ ಸರಿಯಾಗೇ ಇತ್ತು. ತೊಂದರೆ ಇದ್ದದ್ದು ಮಲ್ಟಿಮೀಟರಿನೊಳಗೆ ಹಾಕ್ತಾರಲ್ಲ, ಆ ಚಿಕ್ಕ 9 ವೋಲ್ಟ್ ಬ್ಯಾಟರಿಯಲ್ಲಿ.

ಮೋಟಾರಿಗೆ 6 ವೋಲ್ಟ್ ಸಾಕು, ನಮ್ಮ ಹತ್ರ 9 ಇದೆಯಲ್ಲ, ಇನ್ನೇನು ಬೇಕು ಅನ್ನೋದು ನಮ್ಮ ಲೆಕ್ಕವಾಗಿತ್ತು. ಮನೆ ಮೇಲಿನ ನೀರಿನ ಟ್ಯಾಂಕ್ ನೆನಪಿಸಿಕೊಳ್ಳಿ. ಟ್ಯಾಂಕ್ ಎಷ್ಟು ಎತ್ತರದಲ್ಲಿದೆ ಅನ್ನೋದು ವೋಲ್ಟೇಜ್. ಎಷ್ಟು ನೀರು ಹಿಡಿಯುತ್ತೆ ಅನ್ನೋದು ಎಂಎಎಚ್, ಅಂದ್ರೆ ಕೆಪಾಸಿಟಿ. ಕೆಳಗಿಳಿಯುವ ಪೈಪ್ ಎಷ್ಟು ದಪ್ಪ ಅನ್ನೋದು ಬ್ಯಾಟರಿ ಕೊಡಬಲ್ಲ ಕರೆಂಟ್. 9 ವೋಲ್ಟ್ ಬ್ಯಾಟರಿ ಅಂದ್ರೆ ಎತ್ತರದಲ್ಲಿಟ್ಟ ಬಿಂದಿಗೆಗೆ ಸ್ಟ್ರಾ ಸಿಕ್ಕಿಸಿದ ಹಾಗೆ.

ಲೆಕ್ಕ ಹಾಕಿ ನೋಡೋಣ. ನಾವೆಲ್ಲ ಬಳಸುವ ಹಳದಿ ಬಿಒ ಮೋಟಾರ್ ಖಾಲಿ ತಿರುಗುವಾಗ ಸುಮಾರು 0.2 ಆಂಪಿಯರ್ ಎಳೆಯುತ್ತೆ. ಚಕ್ರ ಸಿಕ್ಕಿಕೊಂಡು ನಿಂತಾಗ ಅದು 1 ಆಂಪಿಯರ್ ಆಸುಪಾಸಿಗೆ ಹೋಗುತ್ತೆ. ನಿಂತ ಕಾರು ಹೊರಡುವ ಕ್ಷಣದಲ್ಲೂ ಅಷ್ಟೇ. ನಾಲ್ಕು ಮೋಟಾರಿಗೆ 4 ಆಂಪಿಯರ್. ಬ್ಯಾಟರಿಯ ಒಳಗಿನ ರೆಸಿಸ್ಟೆನ್ಸ್ 2 ಓಮ್ ಅಂತ ಇಟ್ಟುಕೊಳ್ಳಿ. 2 ಆಂಪಿಯರ್ ಎಳೆದರೇ 4 ವೋಲ್ಟ್ ಬ್ಯಾಟರಿಯೊಳಗೇ ಕರಗಿಹೋಯ್ತು. ಉಳಿದ 5ರಲ್ಲಿ ಎಲ್298ಎನ್ ಡ್ರೈವರ್ ಸುಮಾರು 2 ವೋಲ್ಟ್ ತಿನ್ನುತ್ತೆ. ಮೋಟಾರಿಗೆ ಸಿಕ್ಕಿದ್ದು ಮೂರೇ ವೋಲ್ಟ್. ಅದೇ ಬ್ಯಾಟರಿಯಿಂದ ನಡೆಯುವ ಆರ್ಡುಯಿನೋಗೂ ವೋಲ್ಟೇಜ್ ಸಾಲದೆ ಅದು ರೀಸೆಟ್ ಆಗುತ್ತೆ. ಬ್ಲೂಟೂತ್ ಕಟ್ ಆಗೋದು ಇದಕ್ಕೇ.

ಹಾಗಾದ್ರೆ ಯಾವುದು ತಗೋಬೇಕು?

ಮೊದಲ ಪ್ರಾಜೆಕ್ಟ್ ಆದರೆ ರೀಚಾರ್ಜ್ ಆಗುವ ಎಎ ಸೆಲ್, ಅಂದ್ರೆ ನಿಕಲ್ ಮೆಟಲ್ ಹೈಡ್ರೈಡ್. ಒಂದೊಂದು 1.2 ವೋಲ್ಟ್, ಸುಮಾರು 2000 ಎಂಎಎಚ್. ಒಳಗಿನ ರೆಸಿಸ್ಟೆನ್ಸ್ ಬಹಳ ಕಡಿಮೆ. ನಾಲ್ಕು ಸೆಲ್ ಹಾಕಿದರೆ 4.8 ವೋಲ್ಟ್, ಡ್ರೈವರ್ ಪಾಲು ಕಳೆದರೆ 2.8. ಕಾರು ತೆವಳುತ್ತೆ ಅಷ್ಟೇ. ಆರು ಸೆಲ್ ಹಾಕಿ, 7.2 ವೋಲ್ಟ್ ಸಿಗುತ್ತೆ. ತೂಕ ಸ್ವಲ್ಪ ಜಾಸ್ತಿ, ಆದರೆ ಲಿಥಿಯಂಗಿಂತ ಭಯ ಕಡಿಮೆ.

ಮುಂದಿನದು 18650 ಲಿಥಿಯಂ ಸೆಲ್. ಒಂದಕ್ಕೆ 3.7 ವೋಲ್ಟ್. ಎರಡನ್ನು ಸೀರೀಸ್‌ನಲ್ಲಿ ಹಾಕಿದರೆ 7.4, ಫುಲ್ ಚಾರ್ಜ್ ಆದಾಗ 8.4. ಬಿಒ ಮೋಟಾರಿನ ಕಾರಿಗೆ ನಮ್ಮ ಮಟ್ಟಿಗೆ ಇದೇ ಸರಿಯಾದ ಜೋಡಿ. ಆದರೆ ಮೇಲೆ 9900 ಎಂಎಎಚ್ ಅಂತ ಬರೆದಿರುವ ಸೆಲ್ ಕಂಡರೆ ಕೈ ಹಿಂದಕ್ಕೆ ತಗೊಳ್ಳಿ. ಆ ಗಾತ್ರದಲ್ಲಿ ಒಳ್ಳೆಯ ಸೆಲ್ ಕೂಡ ಸುಮಾರು 3500ರ ಆಸುಪಾಸಿನಲ್ಲೇ ನಿಲ್ಲುತ್ತೆ. ಪ್ರತಿ ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯದಂತೆ ನೋಡಿಕೊಳ್ಳಲು ಎರಡು ಸೆಲ್‌ನ ಬಿಎಂಎಸ್ ಬೋರ್ಡ್ ಹಾಕಲೇಬೇಕು. ನೀಲಿ ಬಣ್ಣದ ಟಿಪಿ4056 ಚಾರ್ಜರ್ ಒಂದು ಸೆಲ್‌ಗೆ ಮಾತ್ರ. ಸೀರೀಸ್ ಜೋಡಿಗೆ ಅದನ್ನು ಸಿಕ್ಕಿಸಬೇಡಿ.

ಮೂರನೆಯದು ಲೈಪೋ. ಅದರ ಮೇಲೆ 2200 ಎಂಎಎಚ್, 25ಸಿ ಅಂತ ಇದ್ದರೆ 2.2 ಗುಣಿಸು 25, ಅಂದ್ರೆ 55 ಆಂಪಿಯರ್ ಕೊಡಬಲ್ಲೆ ಅಂತ ಅದರ ಮಾತು. ಬ್ರಶ್‌ಲೆಸ್ ಮೋಟಾರ್ ಹಾಕಿ ರೇಸ್‌ಗೆ ಇಳಿಯುವವರಿಗೆ ಇದು ಬೇಕು. ಬಿಒ ಮೋಟಾರಿಗೆ ಇಷ್ಟೆಲ್ಲ ಬೇಡ. ವೈರ್ ಶಾರ್ಟ್ ಆದರೆ ಅಷ್ಟೂ ಕರೆಂಟ್ ಅಲ್ಲೇ ನುಗ್ಗುತ್ತೆ ಅನ್ನೋದು ನೆನಪಿರಲಿ. ಬ್ಯಾಲೆನ್ಸ್ ಚಾರ್ಜರ್‌ನಲ್ಲೇ ಚಾರ್ಜ್ ಮಾಡಿ, 2200ರ ಪ್ಯಾಕಿಗೆ 2.2 ಆಂಪಿಯರ್ ದಾಟಿಸಬೇಡಿ. ಹಲವು ದಿನ ಬಳಸದಿದ್ದರೆ ಪ್ರತಿ ಸೆಲ್ 3.8 ವೋಲ್ಟ್ ಇರುವ ಹಾಗೆ ಇಡಿ. ಹಾಸ್ಟೆಲ್‌ನವರು ಗಮನಿಸಿ: ಮಂಚದ ಮೇಲೆ, ಹಾಸಿಗೆ ಪಕ್ಕ ಚಾರ್ಜ್‌ಗೆ ಹಾಕಿ ಮಲಗಬೇಡಿ. ಬರಿ ನೆಲದ ಮೇಲಿಟ್ಟು, ಎದುರಿಗೇ ಕೂತು ಚಾರ್ಜ್ ಮಾಡಿ. ಉಬ್ಬಿದ ಪ್ಯಾಕ್‌ಗೆ "ಇನ್ನೊಂದೇ ಸಲ" ಅನ್ನಬೇಡಿ. ಹೊತ್ತಿಕೊಂಡರೆ ಸುಡೋದು ನಿಮ್ಮ ಕಾರು ಮಾತ್ರ ಅಲ್ಲ, ರೂಮ್‌ಮೇಟ್ ಕೂಡ ಅಲ್ಲೇ ಮಲಗಿರ್ತಾನೆ.

ಎಷ್ಟು ಹೊತ್ತು ಓಡುತ್ತೆ ಅನ್ನೋದು ಸುಲಭದ ಲೆಕ್ಕ. 2200 ಎಂಎಎಚ್‌ನಲ್ಲಿ ಶೇ. 80 ಮಾತ್ರ ಬಳಸಿ, ಕಾರು ಸರಾಸರಿ 1.5 ಆಂಪಿಯರ್ ಎಳೆದರೆ ಸುಮಾರು 70 ನಿಮಿಷ. ಡೆಮೋಗೆ ಧಾರಾಳ ಸಾಕು.

ಈಗಾಗಲೇ ಕಾರು ಮಾಡಿಟ್ಟುಕೊಂಡು ತಲೆ ಕೆಡಿಸಿಕೊಂಡಿರುವವರಿಗೆ ಒಂದು ಪರೀಕ್ಷೆ. ಬ್ಯಾಟರಿಯ ಎರಡು ತುದಿಗೆ ಮಲ್ಟಿಮೀಟರ್ ಹಿಡಿದು, ಡಿಸಿ ವೋಲ್ಟ್‌ನಲ್ಲಿಟ್ಟು, ಕಾರನ್ನು ನೆಲದ ಮೇಲೆ ಓಡಿಸಿ. ಹೊರಡುವಾಗ ಎರಡು ಮೂರು ವೋಲ್ಟ್ ದಬಕ್ಕನೆ ಬಿದ್ದರೆ ಬ್ಯಾಟರಿ ಬದಲಾಯಿಸಿ. ಬೀಳದಿದ್ದರೆ ಕೋಡ್ ತೆರೆಯಿರಿ. ಎರಡೇ ನಿಮಿಷದ ಕೆಲಸ. ಇದು ಗೊತ್ತಿದ್ದಿದ್ರೆ ಅವತ್ತು ರಾತ್ರಿ ನಾವು ನಿದ್ದೆ ಮಾಡಿರ್ತಿದ್ವಿ.